ಹಸಿರು ಸೋಪೋ, ಬಿಳಿ ಸೋಪೋ? ಸ್ಟೀಲಿಗೆ ಹೊಳಪು ಕೊಡುವ ಮುನ್ನ

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಈ ಮಾತುಕತೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಸೋಪ್ ಅಂದರೆ ಇಲ್ಲಿ ಬಫ್‌ಗೆ, ಅಂದರೆ ಹೊಳಪು ಕೊಡಲು ತಿರುಗುವ ಮೆತ್ತನೆ ಚಕ್ರಕ್ಕೆ, ಹಚ್ಚುವ ಗಟ್ಟಿ.

"ಅಣ್ಣಾ, ಸ್ಟೀಲ್ ಪಾಲಿಷ್ ಮಾಡೋ ಸೋಪ್ ಇದ್ಯಾ?"

"ಯಾವ ಕಲರ್ ಕೊಡ್ಲಿ ಸಾರ್?"

ಅಲ್ಲಿಗೆ ಗಿರಾಕಿಯ ಬಾಯಿ ಬಂದ್. ಹಸಿರು, ಬಿಳಿ, ಕಂದು, ಕಪ್ಪು, ಕೆಂಪು, ನೀಲಿ ಗಟ್ಟಿಗಳನ್ನು ಕೌಂಟರ್ ಮೇಲೆ ಸಾಲಾಗಿ ಇಟ್ಟಾಗ ಯಾರಿಗಾದರೂ ತಲೆ ಕೆಡುತ್ತದೆ. ಕೊನೆಗೆ "ಎಲ್ಲಾದ್ರಲ್ಲೂ ಒಂದೊಂದು ಕೊಟ್ಬಿಡಿ" ಅಂತ ತಗೊಂಡು ಹೋಗುತ್ತಾರೆ. ಮನೆಯಲ್ಲಿ ಉಜ್ಜಿ ಉಜ್ಜಿ ಕೈ ಬಿದ್ದುಹೋದ ಮೇಲೆ "ಸೋಪೇ ಸರಿ ಇರಲಿಲ್ಲ" ಅನ್ನುತ್ತಾರೆ.

ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ರೇಲಿಂಗ್, ಹೋಟೆಲ್ ಟೇಬಲ್, ಸಣ್ಣ ಟ್ಯಾಂಕ್ ಅಂತ ಸ್ಟೀಲ್ ಕೆಲಸ ಮಾಡಿಕೊಂಡು ಬಂದವನು ನಾನು. ನನ್ನ ಅನುಭವದಲ್ಲಿ ತಪ್ಪು ಸೋಪಿನದಾಗಿರುವುದು ಅಪರೂಪ. ಸೋಪನ್ನು ಕೊನೆಗೆ ಆರಿಸಬೇಕು. ಅದಕ್ಕೆ ಮೊದಲು ಮೂರು ನಾಲ್ಕು ವಿಷಯ ಇತ್ಯರ್ಥ ಆಗಬೇಕು. ಆ ಕ್ರಮದಲ್ಲೇ ಹೇಳುತ್ತೇನೆ.

ಕಲೆಯೋ, ಗೀರೋ?

ಹೊಳಪು ಹೋಗಿದೆ ಅಂತ ತಂದುಕೊಡುವ ಸಾಮಾನಿನಲ್ಲಿ ಎಷ್ಟೋ ಸಲ ಹೊಳಪು ಹೋಗಿರುವುದೇ ಇಲ್ಲ, ಮುಚ್ಚಿಹೋಗಿರುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗೊತ್ತಲ್ವಾ? ಸಿಂಕ್, ನಲ್ಲಿ, ಗೀಸರ್ ಹತ್ತಿರದ ಪೈಪ್, ಎಲ್ಲದರ ಮೇಲೂ ಬಿಳಿ ಪೊರೆ ಕೂರುತ್ತದೆ. ಅದು ನೀರಿನ ಸುಣ್ಣ. ವಿನೆಗರ್ ಅಥವಾ ನಿಂಬೆರಸದಲ್ಲಿ ನೆನೆಸಿದ ಬಟ್ಟೆಯನ್ನು ಕಾಲು ಗಂಟೆ ಸುತ್ತಿಟ್ಟು ಒರೆಸಿದರೆ ಕೆಳಗಿನ ಸ್ಟೀಲ್ ಹಾಗೇ ಇರುತ್ತದೆ. ಬಾಣಲೆ ತಳದಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣವೂ ಅಷ್ಟೇ. ಬಿಸಿಗೆ ಮೇಲಿನ ಪೊರೆ ದಪ್ಪವಾಗಿ ಹಾಗೆ ಕಾಣುತ್ತದೆ, ಅದಕ್ಕೂ ವಿನೆಗರ್ ಸಾಕು.

ಉಗುರಿನಿಂದ ಅಡ್ಡಕ್ಕೆ ಎಳೆದು ನೋಡಿ. ಉಗುರು ಎಲ್ಲೂ ತಡೆಯದಿದ್ದರೆ ಗೀರು ಇಲ್ಲ, ಇದ್ದರೂ ತೀರಾ ತೆಳು. ಪಾತ್ರೆ ತೊಳೆಯುವ ಲಿಕ್ವಿಡ್, ವಿನೆಗರ್, ಆಮೇಲೆ ಟ್ಯೂಬಿನಲ್ಲಿ ಬರುವ ಮೆಟಲ್ ಪಾಲಿಷ್ ಪೇಸ್ಟು, ಇಷ್ಟರಲ್ಲೇ ಮುಗಿಯುತ್ತದೆ. ಉಗುರು ತಡೆದರೆ ಯಾವ ಬಣ್ಣದ ಸೋಪೂ ನಿಮ್ಮನ್ನು ಕಾಪಾಡುವುದಿಲ್ಲ, ಪೇಪರ್, ಅಂದರೆ ಸ್ಯಾಂಡ್‌ಪೇಪರ್, ಹಿಡಿಯಲೇಬೇಕು.

ಒಂದು ಮಾತು. ಬಾತ್‌ರೂಮ್ ತೊಳೆಯುವ ಆಸಿಡನ್ನು ಸ್ಟೀಲಿನ ಹತ್ತಿರ ತರಬೇಡಿ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಸ್ಟೇನ್‌ಲೆಸ್ ಸ್ಟೀಲಿಗೆ ಕ್ಲೋರೈಡ್ ಅಂದರೆ ಆಗಿಬರುವುದಿಲ್ಲ. ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ, ಅವು ಒಳಗೊಳಗೇ ಆಳವಾಗುತ್ತವೆ. ಬ್ಲೀಚಿಂಗ್ ನೀರನ್ನು ಸಿಂಕಿನಲ್ಲಿ ರಾತ್ರಿಯಿಡೀ ಬಿಡುವುದೂ ಅದೇ ಕಥೆ.

ಕನ್ನಡಿಯೋ, ಕೂದಲೆಳೆಯೋ?

ಪಾಲಿಷ್ ಅಂದ ಕೂಡಲೇ ಎಲ್ಲರ ತಲೆಯಲ್ಲೂ ಬರುವುದು ಮಿರರ್ ಫಿನಿಷ್, ಮುಖ ಕಾಣುವಷ್ಟು ಹೊಳಪು. ಆದರೆ ನಿಮ್ಮ ಸುತ್ತ ಇರುವ ಬಹಳಷ್ಟು ಸ್ಟೀಲ್ ಹಾಗಿರುವುದಿಲ್ಲ. ಲಿಫ್ಟಿನ ಬಾಗಿಲು, ಫ್ರಿಜ್ಜಿನ ಮುಖ, ಸಿಂಕು, ಇವಕ್ಕೆಲ್ಲ ಒಂದೇ ದಿಕ್ಕಿನಲ್ಲಿ ಓಡುವ ಸಣ್ಣ ಗೆರೆಗಳಿರುತ್ತವೆ. ಗೆರೆ ಉದ್ದಕ್ಕೆ ಎಡೆಬಿಡದೆ ಓಡಿದರೆ ಹೇರ್‌ಲೈನ್, ಚಿಕ್ಕಚಿಕ್ಕದಾಗಿ ಕಡಿದು ಕಡಿದು ಇದ್ದರೆ ನಂಬರ್ 4 ಅನ್ನುತ್ತಾರೆ. ಮಿರರ್‌ಗೆ ನಂಬರ್ 8. ಕಾರ್ಖಾನೆಯಿಂದ ಬರುವ ಮಂದ ಬೂದು ಹಾಳೆ 2ಬಿ. ಕೆಲಸ ಒಪ್ಪಿಸುವಾಗ ಈ ಹೆಸರುಗಳಲ್ಲೇ ಮಾತಾಡಿ, "ಚೆನ್ನಾಗಿ ಪಾಲಿಷ್ ಮಾಡಿ" ಅಂದರೆ ಅವರವರ ಮನಸ್ಸಿಗೆ ಬಂದಂತೆ ಮಾಡುತ್ತಾರೆ.

ನನ್ನನ್ನು ಕೇಳಿದರೆ, ದಿನಾ ಕೈಯಾಡುವ ಜಾಗಕ್ಕೆ ಮಿರರ್ ಬೇಡ. ದರ್ಶಿನಿಯ ನಿಂತು ತಿನ್ನುವ ಟೇಬಲ್ ನೆನಪು ಮಾಡಿಕೊಳ್ಳಿ. ದಿನಕ್ಕೆ ನೂರಾರು ತಟ್ಟೆ ಅದರ ಮೇಲೆ ಜಾರುತ್ತದೆ, ಹುಡುಗ ಬಂದು ಒದ್ದೆ ಬಟ್ಟೆಯಲ್ಲಿ ಗುಂಡಗೆ ಒರೆಸುತ್ತಾನೆ. ಅಲ್ಲಿ ಮಿರರ್ ಮಾಡಿದರೆ ಒಂದೇ ವಾರಕ್ಕೆ ಜೇಡರ ಬಲೆ ಕಟ್ಟಿದ ಹಾಗೆ ಕಾಣುತ್ತದೆ. ನಂಬರ್ 4 ಇದ್ದರೆ ಹೊಸ ಗೀರು ಹಳೆ ಗೆರೆಗಳ ನಡುವೆ ಮಾಯವಾಗುತ್ತದೆ. ಒಬ್ಬ ಹೋಟೆಲಿನವರು ಕೇಳಲಿಲ್ಲ, ಮಿರರೇ ಬೇಕು ಅಂತ ಹಟ. ಮಾಡಿಕೊಟ್ಟೆ. ಮೂರು ತಿಂಗಳಿಗೆ ಅವೇ ಟೇಬಲ್ ವಾಪಸ್ ಬಂದವು, ನಂಬರ್ 4 ಮಾಡಿಸಿಕೊಂಡು ಹೋದರು. ಎರಡು ಸಲ ಕೂಲಿ ಸಿಕ್ಕಿತು ಅನ್ನಿ.

ಹೇರ್‌ಲೈನ್, ನಂಬರ್ 4 ರಿಪೇರಿಗೆ ಸೋಪೇ ಬೇಡ. ಇದನ್ನು ಬಹಳ ಜನ ನಂಬುವುದಿಲ್ಲ. ಬಫ್ ಇಟ್ಟರೆ ಆ ಜಾಗ ಮಾತ್ರ ಬೆಳ್ಳಗೆ ಮಿಂಚಿ ತೇಪೆ ಹಾಕಿದಂತಾಗುತ್ತದೆ. ಬೇಕಾದ್ದು 150 ಅಥವಾ 180 ನಂಬರಿನ ಪೇಪರ್, ಇಲ್ಲವೇ ಸ್ಕಾಚ್‌ಬ್ರೈಟ್ ತರಹದ ನಾರಿನ ಪ್ಯಾಡ್. ಒಂದು ಚಪ್ಪಟೆ ಮರದ ತುಂಡಿಗೆ ಪೇಪರ್ ಸುತ್ತಿ, ಗೆರೆ ಓಡುವ ದಿಕ್ಕಿನಲ್ಲೇ, ಈ ತುದಿಯಿಂದ ಆ ತುದಿಗೆ ಒಂದೇ ಎಳೆತ. ಮಧ್ಯದಲ್ಲಿ ನಿಲ್ಲಿಸಬಾರದು, ಹಿಂದೆ ಮುಂದೆ ತಿಕ್ಕಬಾರದು, ಗುಂಡಗಂತೂ ತಿಕ್ಕಲೇಬಾರದು. ನಿಮ್ಮ ಸಿಂಕಿಗೂ ಇದೇ. ಪಾತ್ರೆ ಉಜ್ಜುವ ಪ್ಯಾಡನ್ನು ಗೆರೆಯ ದಿಕ್ಕಿಗೆ ಎಳೆಯುವ ಅಭ್ಯಾಸ ಮಾಡಿಕೊಂಡರೆ ಸಾಕು.

ಇನ್ನು ಮುಂದೆ ಹೇಳುವುದೆಲ್ಲ ಮಿರರ್ ಬೇಕೇಬೇಕು ಅನ್ನುವವರಿಗೆ.

ಹೊಳಪು ಬರುವುದು ಪೇಪರಿನಿಂದ

ಕೆಲಸಕ್ಕೆ ಸೇರಿದ ಹೊಸತು. ಒಂದು ಮೆಟ್ಟಿಲಿನ ರೇಲಿಂಗ್. ವೆಲ್ಡಿಂಗ್ ಗುರುತನ್ನು 120 ನಂಬರ್ ಫ್ಲ್ಯಾಪ್ ಡಿಸ್ಕಿನಲ್ಲಿ, ಅಂದರೆ ಗ್ರೈಂಡರಿಗೆ ಹಾಕುವ ಪೇಪರ್ ಪಟ್ಟಿಗಳ ಚಕ್ರದಲ್ಲಿ, ತೆಗೆದೆ. ಸಂಜೆಯೊಳಗೆ ಮುಗಿಸಬೇಕಿತ್ತು. ನೇರ ಬಫ್ ಹಾಕಿ ಹಸಿರು ಸೋಪ್ ಹಿಡಿದೆ. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಫಳಫಳ. ಮರುದಿನ ಗಿರಾಕಿಯ ಮನೆಯಲ್ಲಿ ಕೂರಿಸಿದೆವು. ನಾಲ್ಕು ಗಂಟೆಯ ಓರೆ ಬಿಸಿಲು ಕಿಟಕಿಯಿಂದ ಒಳಗೆ ಬಿತ್ತು ನೋಡಿ, ಪ್ರತಿ ಜಾಯಿಂಟಿನ ಹತ್ತಿರವೂ ಬೆಕ್ಕು ಪರಚಿದ ಹಾಗೆ ಗೀರು! ಹೊಳೆಯುವ ಗೀರು. ಬಿಚ್ಚಿ ವಾಪಸ್ ತಂದು ಎರಡು ದಿನ ಮಾಡಿದೆ.

ಯಾಕೆ ಹಾಗಾಯಿತು ಅನ್ನುವುದು ಅಳತೆ ನೋಡಿದರೆ ಅರ್ಥವಾಗುತ್ತದೆ. 120 ನಂಬರ್ ಪೇಪರಿನ ಹರಳು ಸುಮಾರು 125 ಮೈಕ್ರಾನ್ (ಒಂದು ಮಿಲಿಮೀಟರಿಗೆ ಸಾವಿರ ಮೈಕ್ರಾನ್). 400ರದ್ದು ಸುಮಾರು 35, 1000ದ್ದು ಸುಮಾರು 18. ಹಸಿರು ಸೋಪಿನಲ್ಲಿರುವ ಪುಡಿ ಒಂದು ಮೈಕ್ರಾನಿನ ಆಸುಪಾಸು. ಜೆಸಿಬಿ ತೋಡಿದ ಗುಂಡಿಯನ್ನು ಟೀ ಚಮಚದಿಂದ ಮಟ್ಟ ಮಾಡಲು ಹೊರಟಂತೆ ಆಗಿತ್ತು ನನ್ನ ಕೆಲಸ. ಸೋಪು ಗುಂಡಿಯ ಅಂಚನ್ನು ನುಣುಪು ಮಾಡುತ್ತದೆ, ಗುಂಡಿಯನ್ನು ತುಂಬುವುದಿಲ್ಲ.

ಹಾಗಾಗಿ 120, 180, 240, 320, 400, 600, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೀರಿನ ಆಳದ ಮೇಲೆ. ಸಾಧಾರಣ ಬಳಕೆಯ ಗೀರಿಗೆ 320ರಿಂದ ಶುರು ಮಾಡಿದರೆ ಸಾಕು, ಸುಮ್ನೆ 80 ಹಾಕಿ ಕೆಲಸ ಹೆಚ್ಚಿಸಿಕೊಳ್ಳಬೇಡಿ. ಬೆಂಚ್ ಬಫ್ ಇದ್ದವರು 400ಕ್ಕೆ ನಿಲ್ಲಿಸಿ ಕತ್ತಾಳೆ ನಾರಿನ ಬಫ್ ಚಕ್ರಕ್ಕೆ ಹೋಗಬಹುದು. ಕೈಯಲ್ಲಿ, ಇಲ್ಲಾ ಡ್ರಿಲ್ಲಿನಲ್ಲಿ ಮಾಡುವವರು 1000, 1500, ಸಾಧ್ಯವಾದರೆ 2000ದವರೆಗೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವಂಥದ್ದು) ಎಳೆಯಬೇಕು. ಯಂತ್ರದ ಬಲ ಕಡಿಮೆ ಇದ್ದಷ್ಟೂ ಪೇಪರಿನ ಕೆಲಸ ಜಾಸ್ತಿ.

ಪ್ರತಿ ನಂಬರಿಗೂ ದಿಕ್ಕು ಬದಲಿಸಿ. 240 ಉದ್ದಕ್ಕೆ ಎಳೆದರೆ 320 ಅಡ್ಡಕ್ಕೆ. ಅಡ್ಡ ಗೆರೆ ಮಾತ್ರ ಕಂಡು ಉದ್ದ ಗೆರೆ ಒಂದೂ ಕಾಣದಾಗ ಮುಂದಿನ ನಂಬರ್. ಈ ಒಂದು ಅಭ್ಯಾಸ ಇದ್ದರೆ ಅರ್ಧ ಕೆಲಸ ಗೆದ್ದಂತೆ. ನಂಬರ್ ಬದಲಾದಾಗ ನೀರಿನಲ್ಲಿ ತೊಳೆದು, ಬಟ್ಟೆಯನ್ನೂ ಬದಲಿಸಿ. 240ರ ಒಂದೇ ಒಂದು ಹರಳು 1000ದ ಪೇಪರಿನಡಿ ಸಿಕ್ಕಿಕೊಂಡರೆ ಮತ್ತೆ ಮೂರು ಮೆಟ್ಟಿಲು ಕೆಳಗಿಳಿಯಬೇಕು.

ಈಗ ಸೋಪಿಗೆ ಬರೋಣ

ಬಫಿಂಗ್ ಸೋಪ್, ಲಸ್ಟರ್, ಕಾಂಪೌಂಡ್, ಹೇಗೆ ಕರೆದರೂ ಒಂದೇ. ಮೇಣ, ಕೊಬ್ಬಿನ ಜೊತೆ ಉಜ್ಜುವ ಪುಡಿ ಕಲಸಿದ ಗಟ್ಟಿ. ಬಣ್ಣಕ್ಕೆ ಸರ್ಕಾರಿ ನಿಯಮವೇನೂ ಇಲ್ಲ. ಒಬ್ಬರ ಬಿಳಿಗೂ ಇನ್ನೊಬ್ಬರ ಬಿಳಿಗೂ ವ್ಯತ್ಯಾಸ ಇರುತ್ತದೆ. ಆದರೂ ವಾಡಿಕೆ ಒಂದಿದೆ.

ಸ್ಟೇನ್‌ಲೆಸ್‌ಗೆ ಹಸಿರು. ಒಂದೇ ಗಟ್ಟಿ ಕೊಳ್ಳುವ ದುಡ್ಡಿದ್ದರೆ ಇದನ್ನೇ ಕೊಳ್ಳಿ. ಇದರಲ್ಲಿರುವುದು ಕ್ರೋಮಿಯಂ ಆಕ್ಸೈಡ್, ಬಹಳ ಸಲ ಜೊತೆಗೆ ಸ್ವಲ್ಪ ಅಲ್ಯೂಮಿನಾ. ಸ್ಟೀಲಿಗಿಂತ ಗಡಸು, ಪುಡಿ ಮಾತ್ರ ತುಂಬ ನಯ. ಅದಕ್ಕೇ ಕೊನೆಯ ಹೊಳಪು ತರುವುದರಲ್ಲಿ ಇದನ್ನು ಬಿಟ್ಟರಿಲ್ಲ. ಆ ನೀಲಿ ಛಾಯೆಯ ತಣ್ಣನೆ ಹೊಳಪು ಇದೆಯಲ್ಲ, ಅದು ಹಸಿರಿನದು.

ಬಿಳಿ ಅಂದರೆ ಸಾಮಾನ್ಯವಾಗಿ ಅಲ್ಯೂಮಿನಾ. ಅದೂ ಗಡಸು, ಸ್ಟೀಲಿಗೂ ನಡೆಯುತ್ತದೆ, ಅಲ್ಯೂಮಿನಿಯಂ, ಹಿತ್ತಾಳೆಗೂ ನಡೆಯುತ್ತದೆ. ಹಲವು ಲೋಹದ ಕೆಲಸ ಒಟ್ಟಿಗೆ ಇರುವವರಿಗೆ ಒಳ್ಳೆಯದು. ಬರೀ ಸ್ಟೀಲ್ ಇದ್ದರೆ ಹಸಿರಿನ ಮುಂದೆ ನನಗೆ ಬಿಳಿ ಸಪ್ಪೆ.

ಕಪ್ಪು ಎಮರಿ ಒರಟು. ಪೇಪರಿನ ಗೆರೆ ಕಡಿಯಲು ಮೊದಲ ಸುತ್ತಿಗೆ ಹಾಕುತ್ತಾರೆ. ಬೂದು ಬಣ್ಣದ ಸ್ಟೇನ್‌ಲೆಸ್ ಕಟಿಂಗ್ ಗಟ್ಟಿ ಸಿಕ್ಕರೆ ಅದು ಎಮರಿಗಿಂತ ಮೇಲು, ಗೆರೆಯನ್ನೂ ಕಡಿಯುತ್ತದೆ, ಹೊಸ ಗೆರೆ ಕಡಿಮೆ ಬಿಡುತ್ತದೆ. ನೀವು 1000 ದಾಟಿ ಪೇಪರ್ ಎಳೆದಿದ್ದರೆ ಎರಡೂ ಬೇಡ. ಮುಂದೆ ಹೋಗಿದ್ದವರು ಹಿಂದೆ ಬಂದ ಹಾಗಾಗುತ್ತದೆ.

ಕಂದು ಟ್ರಿಪೋಲಿ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂಗೆ. ದೇವರ ಮನೆಯ ದೀಪಕ್ಕೆ ಬೇಕಾದರೆ ಹಾಕಿ. ಕೆಂಪು ರೂಜ್ ಅಕ್ಕಸಾಲಿಗರ ಸಾಮಾನು. ಅದು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಅಣ್ಣತಮ್ಮ. ಚಿನ್ನ ಬೆಳ್ಳಿಯಂಥ ಮೆತ್ತನೆ ಲೋಹಕ್ಕೆ ಅದು ಸರಿ. ಸ್ಟೀಲಿನ ಮೇಲೆ ಗಂಟೆಗಟ್ಟಲೆ ಹಿಡಿದರೂ ಏನೂ ಕಡಿಯುವುದಿಲ್ಲ. ನೀಲಿಯನ್ನು ಎಲ್ಲದಕ್ಕೂ ಆಗುತ್ತದೆ ಅಂತ ಮಾರುತ್ತಾರೆ. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಆಗುತ್ತದೆ, ನಿಜ.

ಗಟ್ಟಿ ಬಿಟ್ಟು ಪೇಸ್ಟು, ದ್ರವದ ಕಡೆ ಬಂದರೆ, ಬ್ರಾಸೋದಂಥವು ಕಪ್ಪಾದ ಹಿತ್ತಾಳೆಗೆ ಹೆಸರಾದವು, ಸ್ಟೀಲಿನ ಮೇಲೆ ಮೃದುವಾಗಿ ಕೆಲಸ ಮಾಡುತ್ತವೆ. ಆಗಲೇ ಮಿರರ್ ಇರುವ ಸಾಮಾನು ಮಂಕಾಗಿದ್ದರೆ ಕೈಯಲ್ಲಿ ತಿಕ್ಕಲು ಸಾಕು. ಡೈಮಂಡ್ ಪೇಸ್ಟು ಬೇರೆಯೇ ಲೋಕ. 6, 3, 1 ಮೈಕ್ರಾನ್ ಅಂತ ಅಳತೆ ಬರೆದ ಸಿರಿಂಜಿನಲ್ಲಿ ಬರುತ್ತದೆ. ಪೀಣ್ಯದ ಡೈ, ಮೌಲ್ಡ್ ಮಾಡುವವರ ಹತ್ತಿರ ನೋಡಬಹುದು. ಅಂಚು ಚೂಪಾಗೇ ಉಳಿಯಬೇಕು, ಮೈ ಮಟ್ಟವಾಗೇ ಇರಬೇಕು ಅನ್ನುವ ಕಡೆ ಇದಕ್ಕೆ ಸಾಟಿ ಇಲ್ಲ, ಯಾಕಂದರೆ ಬಟ್ಟೆಯ ಬಫ್ ಅಂಚನ್ನು ದುಂಡಗೆ ಮಾಡಿಬಿಡುತ್ತದೆ. ಒಂದೊಂದು ಅಳತೆಗೂ ಬೇರೆ ಬೇರೆ ಕಡ್ಡಿ ಇಟ್ಟುಕೊಳ್ಳಬೇಕು. ಲೋಟಕ್ಕೆ, ರೇಲಿಂಗಿಗೆ ಇದನ್ನು ಹಾಕುವುದು ದುಡ್ಡು ದಂಡ.

ಚಕ್ರ ಮತ್ತು ವೇಗ

ಒಂದೇ ಸೋಪು ಕತ್ತಾಳೆ ಚಕ್ರದ ಮೇಲೆ ಒಂದು ಥರ, ಬಟ್ಟೆ ಚಕ್ರದ ಮೇಲೆ ಇನ್ನೊಂದು ಥರ. ಅಂಗಡಿಯಲ್ಲಿ ಸೈಸಲ್ ಅಂತ ಕೇಳಿ, ಅದು ಕತ್ತಾಳೆ ಜಾತಿಯ ಗಿಡದ ನಾರು. ಗಡಸು, ಒರಟು. ಕಟಿಂಗ್ ಸೋಪ್ ಹಾಕಿ ಪೇಪರಿನ ಗೆರೆ ತೆಗೆಯಲು ಇದು. ಆಮೇಲೆ ಸುತ್ತು ಸುತ್ತಾಗಿ ಹೊಲಿಗೆ ಹಾಕಿದ ಹತ್ತಿ ಬಟ್ಟೆ ಚಕ್ರ. ಕೊನೆಗೆ ನಡುವೆ ಮಾತ್ರ ಹೊಲಿಗೆ ಇರುವ ಸಡಿಲ ಬಟ್ಟೆ ಚಕ್ರ, ಅದಕ್ಕೆ ಹಸಿರು. ಒಂದು ಚಕ್ರಕ್ಕೆ ಒಂದೇ ಸೋಪು. ಚಕ್ರದ ಮೇಲೆ ಮಾರ್ಕರಿನಲ್ಲಿ ಬರೆದಿಡಿ, ನಾಳೆ ನೆನಪಿರುವುದಿಲ್ಲ.

ವೇಗದ ಲೆಕ್ಕ ಸ್ವಲ್ಪ ನೋಡೋಣ, ಇಲ್ಲೇ ಬಹಳ ಜನ ಎಡವುವುದು. ಬೇಕಾಗಿರುವುದು ಚಕ್ರದ ಅಂಚು ಓಡುವ ವೇಗ. ಸ್ಟೇನ್‌ಲೆಸ್‌ಗೆ ಸೆಕೆಂಡಿಗೆ 35ರಿಂದ 45 ಮೀಟರ್ ಸಿಕ್ಕರೆ ಒಳ್ಳೆಯದು. ಬೆಂಚ್ ಮೋಟರು ನಿಮಿಷಕ್ಕೆ ಸುಮಾರು 2800 ಸುತ್ತು. ಅದಕ್ಕೆ 8 ಇಂಚಿನ ಚಕ್ರ ಹಾಕಿದರೆ ಸೆಕೆಂಡಿಗೆ ಸುಮಾರು 30 ಮೀಟರ್, 10 ಇಂಚಿಗೆ 37, 12 ಇಂಚಿಗೆ 45. ದೊಡ್ಡ ಚಕ್ರಕ್ಕೆ ಮೋಟರಿನ ಬಲವೂ ಗಾರ್ಡೂ ಹೊಂದಬೇಕು, ಮರೆಯಬೇಡಿ. ಮನೆಯ ಡ್ರಿಲ್ಲಿಗೆ 3 ಇಂಚಿನ ಬಫ್ ಹಾಕಿ 2500 ಸುತ್ತಿನಲ್ಲಿ ಓಡಿಸಿದರೆ ಸಿಗುವುದು ಬರೀ 10 ಮೀಟರ್. ಡ್ರಿಲ್ಲಿನಲ್ಲಿ ಯಾಕೆ ಹೊಳಪು ಬರಲ್ಲ ಅಂತ ಕೇಳುವವರಿಗೆ ಇದೇ ಉತ್ತರ. ಬರುತ್ತದೆ, ಆದರೆ ತಾಳ್ಮೆ ಬೇಕು, ಪೇಪರ್ ಕೆಲಸ ಪಕ್ಕಾ ಇರಬೇಕು.

ಆಂಗಲ್ ಗ್ರೈಂಡರ್ ಇದರ ಉಲ್ಟಾ. 4 ಇಂಚು, 11,000 ಸುತ್ತು, ಸೆಕೆಂಡಿಗೆ ಸುಮಾರು 58 ಮೀಟರ್. ವೇಗ ಕಮ್ಮಿ ಮಾಡುವ ಗುಂಡಿ ಇಲ್ಲದ ಗ್ರೈಂಡರಿಗೆ ಬಫ್ ಹಾಕಬೇಡಿ. ಬಫ್ ಮೇಲೆ ಬರೆದಿರುವ ಗರಿಷ್ಠ ಸುತ್ತನ್ನು ಓದಿ. ಹರಿದು ಹಾರಿದರೆ ಕಣ್ಣಿಗೇ ಬರುವುದು.

ಇನ್ನೊಂದು ಕಾರಣವೂ ಇದೆ. ಸ್ಟೇನ್‌ಲೆಸ್ ಬಿಸಿಯನ್ನು ಹಂಚಿಕೊಳ್ಳುವುದಿಲ್ಲ. ತಾಮ್ರದಲ್ಲಿ ಬಿಸಿ ಹರಿಯುವುದಕ್ಕೂ ಇದರಲ್ಲಿ ಹರಿಯುವುದಕ್ಕೂ ಹೆಚ್ಚುಕಡಿಮೆ 25 ಪಟ್ಟು ವ್ಯತ್ಯಾಸ. ಒತ್ತಿ ಹಿಡಿದ ಜಾಗದಲ್ಲೇ ಬಿಸಿ ಕೂತು ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೀಲಿ. ತೆಳು ತಗಡಾದರೆ ಸೊಟ್ಟಗಾಗುತ್ತದೆ. ಕೈಯಲ್ಲಿ ಹಿಡಿಯಲು ಆಗದಷ್ಟು ಬಿಸಿಯಾದರೆ ನಿಲ್ಲಿಸಿ, ಕಾಫಿ ಕುಡಿದು ಬನ್ನಿ. ಚಾಕು ಪಾಲಿಷ್ ಮಾಡುವವರಂತೂ ಹುಷಾರಾಗಿರಬೇಕು. ಅದರ ಸ್ಟೀಲ್ ಬೇರೆ ಜಾತಿ, ಬಿಸಿಯಾದರೆ ಗಡಸುತನವೇ ಹೋಗುತ್ತದೆ.

ಹಿಡಿಯುವ ಬಗೆ

ನಮ್ಮ ಮೇಸ್ತ್ರಿ ಬಫ್ ಹಿಡಿಯುವುದನ್ನು ನೋಡಿದರೆ ಅರ್ಥವಾಗುತ್ತದೆ. ಓಡುವ ಚಕ್ರಕ್ಕೆ ಸೋಪಿನ ಗಟ್ಟಿಯನ್ನು ಒಂದೇ ಸೆಕೆಂಡು ಮುಟ್ಟಿಸುತ್ತಾರೆ. ದೋಸೆ ಕಾವಲಿಗೆ ಈರುಳ್ಳಿಯಲ್ಲಿ ಎಣ್ಣೆ ಸವರಿದ ಹಾಗೆ, ಅಷ್ಟೇ. ಹೊಸಬರು ಮಾಡುವ ತಪ್ಪು ಇಲ್ಲೇ, ಸೋಪನ್ನು ಒತ್ತಿ ಒತ್ತಿ ಹಚ್ಚುತ್ತಾರೆ. ಆಮೇಲೆ ಸಾಮಾನಿನ ಮೇಲೆ ಕಪ್ಪು ಮೇಣದ ಪಟ್ಟೆ ಕೂತು, ಅದರ ಮೇಲೆ ಚಕ್ರ ಜಾರುತ್ತದೆ, ಲೋಹವನ್ನು ಮುಟ್ಟುವುದೇ ಇಲ್ಲ. ಹಾಗಾದರೆ ಸೋಪ್ ಹಾಕದೆ ಚಕ್ರವನ್ನು ಹಳೇ ಗರಗಸದ ಹಲ್ಲಿಗೆ ಹಿಡಿದು ಬಾಚಿ.

ಚಕ್ರದ ಮಧ್ಯಕ್ಕಿಂತ ಕೆಳಗೆ, ನಿಮ್ಮಿಂದ ಆಚೆಗೆ ಓಡುವ ಜಾಗದಲ್ಲಿ ಸಾಮಾನು ಹಿಡಿಯಬೇಕು. ಕಿತ್ತುಕೊಂಡರೆ ಆಚೆ ಹಾರಲಿ. ಮೊದಲು ಕಡಿತ: ಚಕ್ರ ಓಡುವ ದಿಕ್ಕಿಗೆ ಎದುರಾಗಿ, ಗಟ್ಟಿಯಾಗಿ ಒತ್ತಿ ಸಾಮಾನನ್ನು ಎಳೆಯುವುದು. ಆಮೇಲೆ ಬಣ್ಣ, ಅಂದರೆ ಕೊನೆಯ ಹೊಳಪು: ಚಕ್ರ ಓಡುವ ದಿಕ್ಕಿಗೇ, ಹಗುರವಾಗಿ, ಬಿಡುಬಿಡುತ್ತಾ. ಹಸಿರು ಸೋಪಿನಲ್ಲಿ ಒತ್ತಿದರೆ ಹೊಳಪು ಜಾಸ್ತಿ ಆಗುತ್ತದೆ ಅನ್ನುವುದು ಭ್ರಮೆ. ಮೈ ಕಿತ್ತಳೆ ಸಿಪ್ಪೆಯಂತೆ ಏರುತಗ್ಗಾಗುತ್ತದೆ.

ಉದ್ದ ತೋಳಿನ ಅಂಗಿ, ದುಪಟ್ಟಾ, ಸಡಿಲ ಗ್ಲೌಸ್, ಕೈಗೆ ಕಟ್ಟಿದ ದಾರ, ಯಾವುದೂ ಚಕ್ರದ ಹತ್ತಿರ ಇರಬಾರದು. ಸರ, ಚೈನು, ತಂತಿ ಬಫ್ ಮಾಡಲೇಬೇಡಿ, ಬೆರಳಿಗೇ ಸುತ್ತಿಕೊಳ್ಳುತ್ತದೆ. ಕನ್ನಡಕ, ಮಾಸ್ಕ್ ಬೇಕೇಬೇಕು. ಸ್ಟೇನ್‌ಲೆಸ್ ಧೂಳಿನಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತದೆ, ಒಳಗೆ ಎಳೆದುಕೊಳ್ಳುವಂಥದ್ದಲ್ಲ.

ಮುಗಿದ ಮೇಲೆ ಮೇಣದ ಜಿಡ್ಡು ಉಳಿದಿರುತ್ತದೆ. ಸೀಮೆಸುಣ್ಣದ ನಯ ಪುಡಿ ಉದುರಿಸಿ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಿಸಿನೀರು, ಪಾತ್ರೆ ಲಿಕ್ವಿಡ್. ಜಿಡ್ಡು ಹೋದ ಮೇಲೆಯೇ ನಿಜವಾದ ಹೊಳಪು ತಿಳಿಯುವುದು, ಯಾಕಂದರೆ ಜಿಡ್ಡು ಗೀರನ್ನು ಮುಚ್ಚಿಡುತ್ತದೆ. ಪರೀಕ್ಷೆಗೆ ಒಂದು ಸ್ಕೇಲನ್ನು ಸಾಮಾನಿನ ಮೇಲೆ ನೆಟ್ಟಗೆ ನಿಲ್ಲಿಸಿ. ಪ್ರತಿಬಿಂಬದಲ್ಲಿ ಎಷ್ಟು ಇಂಚಿನವರೆಗೆ ಅಂಕಿ ಓದಲು ಆಗುತ್ತದೋ ಅಷ್ಟು ನಿಮ್ಮ ಮಿರರ್. ಟ್ಯೂಬ್‌ಲೈಟನ್ನು ಮಾತ್ರ ನಂಬಬೇಡಿ. ನಾನು ನಂಬಿ ಕೆಟ್ಟೆ.

ಬಫ್ ಬಿಟ್ಟು ಬೇರೆ ದಾರಿ

ನಟ್ಟು, ಬೋಲ್ಟು, ಸಣ್ಣ ಕೊಕ್ಕೆಗಳು ನೂರಾರು ಇದ್ದರೆ ಒಂದೊಂದನ್ನೇ ಹಿಡಿಯುವುದು ಹುಚ್ಚುತನ. ಸೆರಾಮಿಕ್ ಕಲ್ಲು ತುಂಬಿದ ವೈಬ್ರೇಟರಿಗೆ, ಅಂದರೆ ಅದುರುವ ತೊಟ್ಟಿಗೆ, ಹಾಕಿಸಿ.

ಎಲೆಕ್ಟ್ರೋಪಾಲಿಷಿಂಗ್ ಎಂಥ ಗೀರನ್ನೂ ಅಳಿಸುತ್ತದೆ ಅಂತ ಜನಕ್ಕೆ ತಪ್ಪು ಕಲ್ಪನೆ ಇದೆ. ಫಾಸ್ಫರಿಕ್, ಸಲ್ಫ್ಯೂರಿಕ್ ಆಸಿಡ್ ಕಲಸಿದ ತೊಟ್ಟಿಯಲ್ಲಿ ಸಾಮಾನನ್ನು ಮುಳುಗಿಸಿ ಕರೆಂಟ್ ಹರಿಸುತ್ತಾರೆ. ಉಬ್ಬಿದ ಕಡೆ ಲೋಹ ಬೇಗ ಕರಗಿ ಮೈ ನಯವಾಗುತ್ತದೆ. ಕರಗುವುದು ಹತ್ತಿಪ್ಪತ್ತು ಮೈಕ್ರಾನ್ ಅಷ್ಟೇ, ಆದ್ದರಿಂದ ಆಳದ ಗೀರು ಹೋಗುವುದಿಲ್ಲ, ಹೊಳೆಯುವ ಗೀರಾಗಿ ಉಳಿಯುತ್ತದೆ. ಇದರ ಲಾಭ ಬೇರೆ ಕಡೆ. ಬಫ್ ಹೋಗದ ಮೂಲೆ, ಒಳಮೈ, ಜಾಲರಿ ಎಲ್ಲವೂ ಸಮವಾಗಿ ಆಗುತ್ತದೆ, ತುಕ್ಕು ತಡೆಯುವ ಶಕ್ತಿಯೂ ಹೆಚ್ಚುತ್ತದೆ. ಔಷಧಿ ಕಾರ್ಖಾನೆಯ ಟ್ಯಾಂಕು, ಪೈಪಿಗೆ ಇದೇ ಬೇಕು. ಹಾಲು, ಆಹಾರ ಮುಟ್ಟುವ ಮೈಗೆ 0.8 ಮೈಕ್ರಾನ್ ಒರಟುತನಕ್ಕಿಂತ ಹೆಚ್ಚಿರಬಾರದು ಅಂತ ಸಾಮಾನ್ಯವಾಗಿ ಕೇಳುತ್ತಾರೆ, ಅಲ್ಲಿ ಕನ್ನಡಿ ಹೊಳಪಿಗಿಂತ ಆ ಅಂಕಿ ಮುಖ್ಯ.

ಸ್ಟೀಲ್ ಯಾವುದು ಅಂತ ಕೇಳಿದ್ದೀರಾ?

ಸ್ಟೇನ್‌ಲೆಸ್‌ನಲ್ಲಿ ಹಲವು ಜಾತಿ, ಅವಕ್ಕೆ ನಂಬರೇ ಹೆಸರು. 304 ಚೆನ್ನಾಗಿ ಹೊಳೆಯುತ್ತದೆ, 316 ಕೂಡ. 303ರಲ್ಲಿ ಲೇತ್ ಕೆಲಸಕ್ಕೆ ಸುಲಭವಾಗಲಿ ಅಂತ ಗಂಧಕ ಸೇರಿಸಿರುತ್ತಾರೆ, 321ರಲ್ಲಿ ಟೈಟಾನಿಯಂ ಇರುತ್ತದೆ. ಇವೆರಡರಲ್ಲಿ ಮಿರರ್‌ಗೆ ಒದ್ದಾಡಬೇಡಿ, ಒಳಗಿನ ಕಣಗಳು ಎದ್ದು ಬಾಲದ ಗೆರೆ ಎಳೆಯುತ್ತವೆ, ನಿಮ್ಮ ಕೈಯ ತಪ್ಪಲ್ಲ. 202 ಹೊಳೆಯುತ್ತದೆ, ಆದರೆ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ, ಹೊರಗೆ ಮಳೆಯಲ್ಲಿ ಬೇಗ ಕಲೆ ಬರುತ್ತದೆ. ಮ್ಯಾಗ್ನೆಟ್ ಹಿಡಿದು 304 ಅಂತ ತೋರಿಸುವವರನ್ನು ನಂಬಬೇಡಿ. 202ಕ್ಕೂ ಮ್ಯಾಗ್ನೆಟ್ ಅಂಟುವುದಿಲ್ಲ. ಅದೇ 304ನ್ನು ಬಗ್ಗಿಸಿ, ಎಳೆದು ಮಾಡಿದ ಜಾಗದಲ್ಲಿ ಸ್ವಲ್ಪ ಅಂಟುತ್ತದೆ!

ಇನ್ನು ತುಕ್ಕು. ಒಂದು ಜೂನ್‌ನಲ್ಲಿ ಬಾಲ್ಕನಿ ರೇಲಿಂಗ್ ಮಾಡಿ ಹಾಕಿದ್ದೆವು, ಒಳ್ಳೆ 304. ಆಗಸ್ಟ್ ಹೊತ್ತಿಗೆ ಫೋನ್. ಹೋಗಿ ನೋಡಿದರೆ ಮೈತುಂಬ ಕಂದು ಚುಕ್ಕೆ, ಸಾಸಿವೆ ಒಗ್ಗರಣೆ ಸಿಡಿದಂತೆ. ಶೆಡ್ಡಿಗೆ ಬಂದು ವಿಚಾರಿಸಿದರೆ, ನಮ್ಮ ಹುಡುಗ ಕಬ್ಬಿಣದ ಗೇಟಿಗೆ ಬಳಸಿದ ಕತ್ತಾಳೆ ಚಕ್ರವನ್ನೇ ಇದಕ್ಕೂ ಹಾಕಿದ್ದ. ತುಕ್ಕು ಹಿಡಿದದ್ದು ಸ್ಟೀಲಿಗಲ್ಲ, ಅದರ ಮೈಗೆ ಮೆತ್ತಿಕೊಂಡಿದ್ದ ಕಬ್ಬಿಣದ ಕಣಕ್ಕೆ. ಅಂದಿನಿಂದ ಸ್ಟೇನ್‌ಲೆಸ್ ಚಕ್ರ, ಪೇಪರ್, ಬ್ರಷ್ ಎಲ್ಲಾ ಬೇರೆ ಪೆಟ್ಟಿಗೆಯಲ್ಲಿ, ಬೀಗ ಹಾಕಿ. ಮನೆಯಲ್ಲೂ ಸಿಂಕಿಗೆ ಕಬ್ಬಿಣದ ಉಣ್ಣೆ ಹಾಕಬೇಡಿ, ಇದೇ ಗತಿ.

ಸ್ಟೇನ್‌ಲೆಸ್‌ನ ಕಾವಲುಗಾರ ಅದರ ಮೈಮೇಲೆ ತಾನೇ ಕಟ್ಟಿಕೊಳ್ಳುವ ಕ್ರೋಮಿಯಂ ಆಕ್ಸೈಡ್ ಪೊರೆ, ಕೆಲವೇ ನ್ಯಾನೋಮೀಟರ್ ದಪ್ಪ. ಪಾಲಿಷ್ ಆದ ಮೇಲೆ ಅದು ಸ್ವಚ್ಛವಾಗಿ ಕಟ್ಟಿಕೊಳ್ಳಲು ಸಿಟ್ರಿಕ್ ಆಸಿಡ್ ಸ್ನಾನ ಮಾಡಿಸುವುದು ಒಳ್ಳೆಯದು. ತೂಕದಲ್ಲಿ ನೂರಕ್ಕೆ 4ರಿಂದ 10 ಪಾಲು, ಮಾಮೂಲಿ ನೀರಿನಲ್ಲಾದರೆ ಕನಿಷ್ಠ 20 ನಿಮಿಷ, ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಆ ರೇಲಿಂಗಿನ ಚುಕ್ಕೆಗಳನ್ನು ನಯ ಪ್ಯಾಡಿನಲ್ಲಿ ತೆಗೆದು ಇದನ್ನೇ ಹಚ್ಚಿ ಸರಿಮಾಡಿದೆವು. ವೆಲ್ಡಿಂಗಿನ ನೀಲಿ ತೆಗೆಯಲು ಪಿಕ್ಲಿಂಗ್ ಪೇಸ್ಟ್ ಅಂತ ಸಿಗುತ್ತದೆ. ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಚರ್ಮ ದಾಟಿ ಮೂಳೆವರೆಗೂ ಹೋಗುತ್ತದೆ. ಮನೆಯಲ್ಲಿ ಮುಟ್ಟಬೇಡಿ, ತಿಳಿದವರ ಕೈಯಲ್ಲೇ ಮಾಡಿಸಿ.

ಏನೇನು ಕೊಳ್ಳಬೇಕು ಹಾಗಾದರೆ? ಮನೆಯ ನಾಲ್ಕು ಪಾತ್ರೆಗೆ ವಿನೆಗರ್, ಒಂದು ಟ್ಯೂಬ್ ಪೇಸ್ಟು. ಬೈಕಿನ ಸೈಲೆನ್ಸರ್, ಕೈಗೊಂದು ಹವ್ಯಾಸ ಅನ್ನುವವರಿಗೆ 320ರಿಂದ 2000ದವರೆಗಿನ ವಾಟರ್ ಪೇಪರ್, ಡ್ರಿಲ್ಲಿಗೆ ಎರಡು ಹತ್ತಿ ಬಫ್, ಒಂದು ಹಸಿರು ಗಟ್ಟಿ. ದಿನಾ ಕೆಲಸ ಇರುವವರಿಗೆ ಬೆಂಚ್ ಮೋಟರು, 10 ಇಂಚಿನ ಕತ್ತಾಳೆ ಚಕ್ರ ಒಂದು, ಹತ್ತಿಯದು ಎರಡು, ಬೂದು ಕಟಿಂಗ್ ಮತ್ತು ಹಸಿರು.

ಮೊನ್ನೆ ಒಬ್ಬರು ಅಮ್ಮನ ದವರ ಲೋಟ ತಂದಿದ್ದರು. "ಹೊಸದರ ಹಾಗೆ ಮಾಡಿಕೊಡಿ" ಅಂದರು. ತಿರುಗಿಸಿ ನೋಡಿದೆ. ದವರದ ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೆತ್ತಿತ್ತು, ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟದ್ದು. ಆ ಚುಕ್ಕೆಗಳಿಗೆ ಆಳವೇ ಇರುವುದಿಲ್ಲ, ಕತ್ತಾಳೆ ಚಕ್ರ ಎರಡು ಸಲ ತಾಗಿದರೆ ಅಳಿಸಿಹೋಗುತ್ತದೆ. "ಇದು ಬೇಕಾ?" ಅಂತ ಕೇಳಿದೆ. ಅವರು ಅದನ್ನು ಗಮನಿಸಿಯೇ ಇರಲಿಲ್ಲ. ಕನ್ನಡಕ ಹಾಕಿಕೊಂಡು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಸೋದರತ್ತೆ" ಅಂದರು. ಹೆಸರಿನ ಮೇಲೆ ಎರಡು ಪದರ ಟೇಪ್ ಅಂಟಿಸಿ ಉಳಿದದ್ದನ್ನು ಬಫ್ ಮಾಡಿದೆ. ಟೇಪ್ ತೆಗೆದ ಮೇಲೆ ಆ ಪಟ್ಟಿಯನ್ನು ಮಾತ್ರ ಪೇಸ್ಟು ಮುಟ್ಟಿಸಿದ ಬಟ್ಟೆಯಲ್ಲಿ, ಬೆರಳ ತುದಿಯಿಂದ ತಿಕ್ಕಿದೆ. ಸುತ್ತಲಿಗಿಂತ ಒಂದು ಚೂರು ಮಂಕಾಗಿಯೇ ಉಳಿಯಿತು.